ಕೆಂಪು ಛತ್ರಿಯ ಹಿಂದೆ ಬಂದವರು

ಚಿಕ್ಕಮ್ಮನಿಗೆ ನಮಸ್ಕಾರ.

ನಾನು ಓದಿದ್ದು ನಾಲ್ಕನೇ ಕ್ಲಾಸು, ಇದನ್ನು ಬರೆಯುತ್ತಿರುವುದು ಮೊಣಕಾಲ ಮೇಲೆ. ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು ಆಗಿದ್ದರೆ, ಕಾಗುಣಿತ ತಪ್ಪಿದ್ದರೆ ನಗಬೇಡಿ.

ಒಬ್ಬಳೇ ಊರು ನೋಡಲು ಬಂದ ನನ್ನನ್ನು ಇಲ್ಲಿ ಎಲ್ಲಿ ಹೋದರೂ "ಒಬ್ಬಳೇನಾ?" ಅಂತಲೇ ಕೇಳುತ್ತಾರೆ. ಒಬ್ಬ ಹೋಟೆಲಿನವನು "ಒಬ್ಬರಿಗೆಲ್ಲ ಟೇಬಲ್ ಇಲ್ಲ, ಹೋಗಮ್ಮ" ಎಂದುಬಿಟ್ಟ. ಅದಕ್ಕೇ ಮೊನ್ನೆ ಫೋನಿನಲ್ಲಿ ಅತ್ತು, ವಾಪಸ್ ಬರುತ್ತೇನೆ ಎಂದಿದ್ದು.

ನಿನ್ನೆ ದಾರಿಯೂ ತಪ್ಪಿತು. ಬಿಸಿಲೆಂದು ನೀವು ಕೊಟ್ಟ ಕೆಂಪು ಛತ್ರಿ ಬಿಡಿಸಿದೆ ನೋಡಿ, ಒಂದು ಹಿಂಡು ಜನ ನನ್ನ ಹಿಂದೆ ಹೊರಟರು! ಇಲ್ಲಿ ಪ್ರವಾಸಿಗರಿಗೆ ಊರು ತೋರಿಸುವವರು ಹೀಗೇ ಬಣ್ಣದ ಛತ್ರಿ ಹಿಡಿದು ಮುಂದೆ ನಡೆಯುತ್ತಾರಂತೆ. "ಅಯ್ಯೋ, ನನಗೇ ದಾರಿ ಗೊತ್ತಿಲ್ಲ, ಬರಬೇಡ್ರಪ್ಪಾ!" ಎಂದು ಕನ್ನಡದಲ್ಲೇ ಹೇಳಿ ಕೈಮುಗಿದೆ. ಅವರೂ ಕೈಮುಗಿದು, ನನ್ನ ಹಿಂದಿದ್ದ ಚರಂಡಿ ಪೈಪಿನ ಫೋಟೊ ತೆಗೆದುಕೊಂಡರು. ನಾನು ಓಡಿದರೆ ಅವರೂ ಓಡಿದರು. ಅದೇ ಹೋಟೆಲಿನ ಮುಂದೆ ಬಂದಾಗ, ಅದೇ ಮನುಷ್ಯ ಬಗ್ಗಿ ನನಗೆ ಕಿಟಕಿ ಪಕ್ಕದ ಕುರ್ಚಿ ಎಳೆದುಕೊಟ್ಟ. ಕೊನೆಗೆ ಆ ಗುಂಪಿನ ಒಬ್ಬ ಅಜ್ಜಿಗೆ ನನ್ನ ಲಾಡ್ಜಿನ ಚೀಟಿ ತೋರಿಸಿದೆ. ಎಲ್ಲರೂ ಸೇರಿ ನನ್ನನ್ನು ಅಲ್ಲಿಗೆ ಮುಟ್ಟಿಸಿ, ಬಾಗಿಲಲ್ಲಿ ನಿಂತು ನನಗೇ ಚಪ್ಪಾಳೆ ತಟ್ಟಿದರು.

ಅಂಗಾಲಲ್ಲಿ ಬೊಬ್ಬೆ ಎದ್ದಿದೆ, ಎಣ್ಣೆ ಹಚ್ಚಿದ್ದೇನೆ. ನಾನು ಈಗಲೇ ವಾಪಸ್ ಬರುವುದಿಲ್ಲ, ಟಿಕೆಟ್ ಬದಲಾಯಿಸುವುದು ಬೇಡ ಅಂತ ಅಣ್ಣನಿಗೆ ಹೇಳಿ.

ಇವತ್ತು ಬೆಳಗ್ಗೆ ಕಿಟಕಿಯಿಂದ ಬಗ್ಗಿ ನೋಡಿದರೆ, ಆ ಅಜ್ಜಿ ಹೊಸದಾಗಿ ನಾಲ್ವರನ್ನು ಕರೆದುಕೊಂಡು ಬಂದು ಕೆಳಗೆ ಕಾಯುತ್ತಿದ್ದಾರೆ. ತಲೆ ಬಾಚಿಕೊಂಡು, ಛತ್ರಿಯ ಧೂಳು ಒರೆಸಿದೆ.

ಅವಸರದಲ್ಲಿ,
ನಿಮ್ಮ ಅಕ್ಕನ ಮಗಳು