ಓದುವಾಗ ನುಂಗಬೇಡ

ಸದರ್, ನಾಗಪುರ
18 ಮೇ 2025

ಪ್ರೀತಿಯ ಅವ್ವಾ,

ನಿನ್ನ ಮಂಡಿನೋವು ಹೇಗಿದೆ? ಎಣ್ಣೆ ಹಚ್ಚಿಕೊಳ್ಳುತ್ತೀಯೋ, ಇಲ್ಲ ಶೀಶೆಯನ್ನು ಗೂಡಿನಲ್ಲಿಟ್ಟು ನೋಡುತ್ತ ಕೂರುತ್ತೀಯೋ? ನಾವು ಆರಾಮ ಎಂದು ಬರೆಯಬೇಕು, ಬರೆದಿದ್ದೇನೆ. ಈ ಬಿಸಿಲಿಗೆ ಕೂಲರಿಗೂ ಸುಸ್ತು. ಇತವಾರಿಯ ಅಂಗಡಿಯಿಂದ ಬಂದು ಕೂತರೆ ಎದ್ದು ನೀರು ಕುಡಿಯಲೂ ಬೇಸರ.

ಫೋನಿನಲ್ಲಿ ನೀನು ಮೊದಲು ಕೇಳುವುದೇ "ಏನರ ವಿಶೇಷ ಐತೇನು?" ಎಂದು. ಉತ್ತರ ಬಾಯಿಂದ ಹೊರಡುವುದಿಲ್ಲ, ಅದಕ್ಕೇ ಈ ಕಾಗದ. ಎಂದಿನಂತೆ ತಮ್ಮ ಶ್ರೀಕಾಂತ ಓದಿ ಹೇಳಲಿ. ಮಗುವಾಗಲೆಂದು ನೀನು ಕಳಿಸಿದ ಬೇರಿನ ಪುಡಿಯನ್ನು ಬೃಂದಾ ಮುಖ ಕಿವುಚಿಕೊಂಡೇ ಕುಡಿದು ಮುಗಿಸಿದಳು. ಸ್ಕ್ಯಾನು, ಸೂಜಿ, ಸೋಮವಾರದ ಉಪವಾಸ ಎಲ್ಲ ನಿನ್ನ ಸೊಸೆಗೇ ಆಯಿತು. ನನ್ನನ್ನೂ ಪರೀಕ್ಷಿಸಬೇಕು ಎಂದವರು ಈಗಿನ ಡಾಕ್ಟರಮ್ಮ ಒಬ್ಬರೇ.

ರಿಪೋರ್ಟ್ ಬಂತವ್ವಾ. ಅವಳದು ಎಲ್ಲ ಬರೋಬರ್ ಇದೆ. ತಾಯಿಗೆ ಬರೆಯುವ ಮಾತಲ್ಲ, ಆದರೂ ಬರೆಯುತ್ತೇನೆ: ನನ್ನಲ್ಲಿ ವೀರ್ಯಾಣುವೇ ಇಲ್ಲ. ಎಫ್‌ಎಸ್‌ಎಚ್ ಎಂಬ ಹಾರ್ಮೋನು ಕೆಲಸ ಮಾಡು, ಕೆಲಸ ಮಾಡು ಎಂದು ಕೂಗಿ ಕೂಗಿ ಮೇಲೇರಿ ಕೂತಿದೆಯಂತೆ, ಕೇಳುವವರಿಲ್ಲ. ಗಂಡಸರಲ್ಲಿ ಮಾತ್ರ ಇರುವ ವೈ ಎಂಬ ವರ್ಣತಂತುವಿನಲ್ಲಿ ಒಂದು ಚೂರು ನನಗೆ ಹುಟ್ಟಿನಿಂದಲೇ ಇಲ್ಲ. ಅದನ್ನು ಯಾವ ಪುಡಿಯೂ ತುಂಬುವುದಿಲ್ಲ. ಬೃಂದಾ ಅಳಲಿಲ್ಲ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು, "ಹಂಗಾದ್ರ ಆ ತೊಟ್ಟಿಲಾ ನಾ ಮುಟ್ಟಬಹುದಿತ್ತಲ್ಲ" ಅಂದಳು. ನೆನಪಿದೆಯಾ? ತಂಗಿ ಜಲಜಾಳ ಮಗುವಿನ ನಾಮಕರಣಕ್ಕೆ ಕೌದಿ ಹೊಲಿದು ತಂದವಳು ಇವಳು. ತೊಟ್ಟಿಲ ಹತ್ತಿರ ಬಂದಾಗ ನೀನು "ನೀ ಅತ್ತಾಗ ಸರದ ನಿಂದ್ರವಾ" ಅಂದೆ. ನನಗೆ ನಿನ್ನ ಮೇಲೆ ಸಿಟ್ಟಿದೆ ಅವ್ವಾ, ಜಗಳವಾಡುವಷ್ಟು ತ್ರಾಣವಿಲ್ಲ ಅಷ್ಟೆ. ಇನ್ನು ಅವಳಿಗೆ ಏನನ್ನೂ ಕಳಿಸಬೇಡ. ಒಂದು ಫೋನ್ ಮಾಡು, ಸಾಕು.

ಎಣ್ಣೆ ಮರೆಯಬೇಡ. ಬೃಂದಾ ನಿನಗೆ ನಮಸ್ಕಾರ ಹೇಳಿದ್ದಾಳೆ. ನಾನು ಸೇರಿಸಿದ್ದಲ್ಲ, ಅವಳೇ ಹೇಳಿದಳು.

ನಿನ್ನ ಮಗ,
ಚನ್ನವೀರ

ತಾ.ಕ.: ಶ್ರೀಕಾಂತಾ, ಅವ್ವ ನೊಂದಾಳೆಂದು ಓದುವಾಗ ಏನನ್ನೂ ನುಂಗಬೇಡ. ಇದನ್ನೂ ಜೋರಾಗಿ ಓದು. ಆ ಚೂರು ನನ್ನಲ್ಲೇ ಮೊದಲು ಹೋಗಿರಬಹುದು, ಅಪ್ಪನಿಂದಲೇ ಹಾಗೆ ಬಂದಿರಲೂಬಹುದು. ಅಪ್ಪನಲ್ಲಿ ಈ ದೋಷ ಇದ್ದೂ ನಾವು ಹುಟ್ಟಿರಬಹುದಂತೆ. ಹಾಗಿದ್ದರೆ ನಿನಗೂ ಬಂದಿರುತ್ತದೆ. ಅಪೂರ್ವಳ ಜೊತೆ ನಿಶ್ಚಯವಾಗುವ ಮೊದಲು ಪರೀಕ್ಷೆಗೆ ರಕ್ತ ಕೊಟ್ಟು ಬಾ. ಏನೇ ಬರಲಿ, ಅವಳಿಗೆ ನೀನೇ ಹೇಳು. ಹೇಳದೆ ತಾಳಿ ಕಟ್ಟಬೇಡವೋ. ಅವ್ವನ ಹತ್ತಿರ ಬೃಂದಾ ಕುಡಿದ ಆ ಪುಡಿ ಇನ್ನೂ ಒಂದು ಡಬ್ಬಿ ಇದೆ.