ಮರದರಿಶಿನದ ಮುಳ್ಳು

ಕುಲ್ಲು, ಹಿಮಾಚಲ ಪ್ರದೇಶ
೧೮ ಅಕ್ಟೋಬರ್ ೨೦೨೫

ಪ್ರೀತಿಯ ದಾದಾ,

ನಿಮ್ಮ ಮೊಮ್ಮಗಳು ಉಜ್ಮಾಳ ಸಲಾಂ.

ಕಾಲೇಜಿನ ಸಸ್ಯಶಾಸ್ತ್ರ ಪ್ರವಾಸದಲ್ಲಿ ನಿನ್ನೆ ಮರದರಿಶಿನದ ಗಿಡ ಕಂಡೆ. ಯಾರೂ ನೆಟ್ಟದ್ದಲ್ಲ, ಗುಡ್ಡದ ಓರೆಯಲ್ಲಿ ತಾನೇ ಬೆಳೆದದ್ದು. ಹುಬ್ಬಳ್ಳಿ ಕಮರಿಪೇಟೆಯ ನಮ್ಮ ಗಿಡಮೂಲಿಕೆ ಅಂಗಡಿಯಲ್ಲಿ ನೀವು ನಲವತ್ತು ವರ್ಷ ಅದರ ಕಡ್ಡಿ ಮಾರಿದ್ದೀರಿ. ಗಿಡವನ್ನು ಕಣ್ಣಾರೆ ಕಂಡವಳು ಮನೆಯಲ್ಲಿ ನಾನೇ ಮೊದಲು.

ನೀವೂ ಎದುರಿನ ಕಾಳಿನ ಅಂಗಡಿಯ ಗುರುಪಾದಜ್ಜನೂ ಇದೇ ಗಿಡದ ಸಲುವಾಗಿ ಜಗಳಾಡಿ ಮಾತು ಬಿಟ್ಟು ಇಪ್ಪತ್ಮೂರು ದಿನವಾಯಿತು. ಅಂದು ನಾನು ಅಲ್ಲೇ ಇದ್ದೆ. "ಇದಕ್ಕ ಮುಳ್ಳಿಲ್ಲೋ, ನಲವತ್ತು ವರ್ಷ ತೂಗೇನಿ" ಅಂದಿರಿ ನೀವು. "ಗುಲಾಬಸಾಬ, ಕಡ್ಡಿ ತೂಗೀದಿ, ಖರೇ. ಗಿಡಾ ಎಂದರ ನೋಡೀಯೇನ? ನಮ್ಮ ಹಿತ್ತಲ ನಿಂಬಿಗಿಡ ಇದ್ದಂಗ ಅದು. ಮೈತುಂಬ ಮುಳ್ಳು, ವರ್ಷಪೂರ್ತಿ ಹಸರು" ಅಂದರು ಅಜ್ಜ. "ಜ್ವಾಳಾ ಮಾರಾಂವಗ ಔಷಧದ ಗೊಡವಿ ಯಾಕ?" ಅಂದುಬಿಟ್ಟಿರಿ. ಅವರು ಟೋಪಿ ಕೊಡವಿ ಎದ್ದು ಹೋದರು. ತಪ್ಪಿದವರೇ ಮೊದಲು ಬರಬೇಕೆಂಬುದು ಇಬ್ಬರ ಹಟ.

ಕಂಡದ್ದನ್ನು ಕಂಡಂತೆ ಬರೆಯುತ್ತೇನೆ. ಆಳೆತ್ತರದ ಪೊದೆ. ತೊಗಟೆ ಬೂದು, ಉಗುರಿನಿಂದ ಕೆರೆದರೆ ಒಳಗೆ ಅಚ್ಚ ಹಳದಿ. ಗೆಣ್ಣುಗೆಣ್ಣಿಗೂ ಮೂರು ಕವಲಿನ ಮುಳ್ಳು, ಅದರ ಸಂದಿನಲ್ಲಿ ಎಲೆಗಳ ಗೊಂಚಲು. ಹಣ್ಣು ಕೆಂಪು, ಕಣ್ಣು ಮುಚ್ಚಿಸುವಷ್ಟು ಹುಳಿ. ಎಲೆಗಳೂ ಈಗ ಕೆಂಪಾಗಿ ಉದುರುತ್ತಿವೆ. ಚಳಿಗಾಲದಲ್ಲಿ ಗಿಡ ಪೂರ್ತಿ ಬೋಳಾಗುತ್ತದಂತೆ. ಆದ್ದರಿಂದ ಅಜ್ಜನ ನಿಂಬೆಗಿಡದ ಮಾತು ತಪ್ಪು.

ಇನ್ನು ಮುಳ್ಳು. ಹುಬ್ಬಳ್ಳಿಗೆ ಕಡ್ಡಿ ಸಿಪ್ಪೆ ಸುಲಿದೇ ಬರುತ್ತದೆ, ನಿಮಗೆ ಕಾಣುವುದು ಹೇಗೆ? ಆದರೆ ಈ ಮುಳ್ಳು ಮೂಲದಲ್ಲಿ ಎಲೆಯೇ ಎಂದು ನಮ್ಮ ಮೇಡಂ ತೋರಿಸಿದರು. ಅರ್ಧ ಎಲೆ, ಅರ್ಧ ಮುಳ್ಳಾಗಿ ನಿಂತದ್ದೊಂದು ಎಳೆಯ ರೆಂಬೆಯಲ್ಲಿ ಸಿಕ್ಕಿತು. ಕಾಗದಕ್ಕೆ ಅಂಟಿಸಿ ಕಳಿಸಿದ್ದೇನೆ. ಶಾಸ್ತ್ರದ ಪ್ರಕಾರ ನೀವು ಪೂರ್ತಿ ಸೋತಿಲ್ಲ. ನನ್ನ ಬೆರಳಿನ ಪ್ರಕಾರ ಸೋತಿದ್ದೀರಿ. ಎರಡು ಕಡೆ ಪಟ್ಟಿ ಕಟ್ಟಿದೆ.

ಯಾರು ಮೊದಲು ಹೋಗಬೇಕೆಂದು ಸಸ್ಯಶಾಸ್ತ್ರ ಹೇಳುವುದಿಲ್ಲ.

ನಿಮ್ಮ ಅಕ್ಕರೆಯ
ಉಜ್ಮಾ

ತಾ.ಕ.: ದಾದಾ, ನೀವು ಕಲಿಸಿದ ಉರ್ದು ನಾನು ಮರೆತಿಲ್ಲ. ಆದರೆ ಉರ್ದುವಿನಲ್ಲಿ ಬರೆದಿದ್ದರೆ ನೀವೊಬ್ಬರೇ ಓದಿಕೊಳ್ಳುತ್ತಿದ್ದಿರಿ. ಕನ್ನಡ ನಿಮಗೆ ಓದಲು ಬಾರದು. ಓದಿಕೊಡಬೇಡವೆಂದು ಅಮ್ಮಿಗೆ ಫೋನಿನಲ್ಲಿ ಮೊದಲೇ ಹೇಳಿದ್ದೆ. ಓಣಿಯಲ್ಲಿ ನೀವು ನಂಬಿ ಓದಲು ಕಾಗದ ಕೊಡುವವರು ಇನ್ನೊಬ್ಬರೇ. ಗುರುಪಾದಜ್ಜ, ಇಷ್ಟು ಗಟ್ಟಿಯಾಗಿ ಓದಿ ಗಂಟಲು ಒಣಗಿರಬೇಕು. ಚಹಾ ಕುಡಿದೇ ಏಳಿ. ಯಾರು ಯಾರ ಬಳಿ ಹೋದಿರಿ ಎಂದು ನಾನು ಕೇಳುವುದಿಲ್ಲ.