ಕ್ಯಾಸೆಟ್ಟಿನಲ್ಲಿ ನಿಮಗೆ ಬಿಟ್ಟ ಜಾಗ

ಎದುರು ಮೇಳದ ಫಕೀರಪ್ಪ ಕಾಕಾ ಅವರಿಗೆ,

ಶಲವಡಿಯ ಶಾಂತವ್ವ ಮಾಡುವ ಶರಣು. ಹಾಡಿನ ಕಟ್ಟೆಯ ಮೇಲೆ ನಿಮ್ಮನ್ನು 'ಲೇ' ಅಂತಿದ್ದೆ, ಕೆಳಗಿಳಿದ ಮೇಲೆ 'ರೀ' ಅಂತಿದ್ದೆ. ಕಾಗದದಲ್ಲಿ ಯಾವುದು ಅನ್ನಬೇಕು ಅಂತ ಬಹಳ ಹೊತ್ತು ಯೋಚಿಸಿದೆ. ನೀವು ಹೋಗಿ ವರ್ಷದ ಮೇಲಾಯಿತು, 'ರೀ' ಇರಲಿ ಬಿಡಿ. ಬೈಯುವುದು ಬಂದಲ್ಲಿ ಬೈಯುತ್ತೇನೆ.

ಅಣ್ಣಿಗೇರಿಯ ಗುಡಿಯ ಮುಂದೆ ನಾವು ಮೊದಲ ಸಲ ಎದುರುಬದುರು ನಿಂತದ್ದು ನೆನಪಿದೆಯೇ? ನೀವು ಹರದೇಶಿ, ಗಂಡಸು ದೊಡ್ಡವನು ಅಂತ ಹಾಡುವವರು. ನಾನು ನಾಗೇಶಿ, ಹೆಣ್ಣು ದೊಡ್ಡವಳು ಅಂತ ಹಾಡುವವಳು. ನನ್ನ ಕೈಯ ದಪ್ಪುವಾದ್ಯದ ಚರ್ಮ ಇನ್ನೂ ಬೆಂಕಿಗೆ ಕಾದಿರಲಿಲ್ಲ, ಅಷ್ಟರಲ್ಲಿ ನೀವು ಪ್ರಾಸದ ಮೇಲೆ ಪ್ರಾಸ ಹೊಡೆದು, ಉಸಿರು ಕೂಡ ತೆಗೆಯದೆ, ನನ್ನ ಮೂಗು, ನನ್ನ ಸೀರೆ, ನಮ್ಮೂರಿನ ಸವುಳು ನೀರು ಎಲ್ಲವನ್ನೂ ಹಾಡಿಗೆ ಎಳೆದಿರಿ. ಜನ ಬಿದ್ದು ಬಿದ್ದು ನಕ್ಕರು. ನಾನು ಅಳಲಿಲ್ಲ, ನಿಮ್ಮ ಬೋಳುತಲೆಯಿಂದ ಶುರುಮಾಡಿದೆ. ಮುಗಿದ ಮೇಲೆ ನೀವು ಚಹಾ ಕುಡಿಸಿ, "ಅಗದಿ ಛಲೋ ಬೈತಿ ಬೇ. ಮುಂದಿನ ಸಲ ನನ್ನ ಹೊಟ್ಟಿ ಮ್ಯಾಲೂ ಒಂದ ಕಟಗೊಂಡ ಬಾ" ಅಂದಿರಿ. ನನಗೆ ಹಾಡು ಕಲಿಸಿದವರು ಬೇರೆ. ಎದುರು ನಿಲ್ಲುವುದನ್ನು ಕಲಿಸಿದವರು ನೀವು.

ನಿಮ್ಮ ಮನೆಯಲ್ಲಿ ಉಂಡದ್ದೂ ಕಣ್ಣ ಮುಂದಿದೆ. ನೀವು ಪಡಸಾಲೆಯಲ್ಲಿ ಕೂತು ಹೊಸ ಪದ ಹೇಳಿಕೊಳ್ಳುತ್ತಿದ್ದಿರಿ, ಒಳಗೆ ನಿಮ್ಮಾಕೆ, ನಮ್ಮ ಕಾಕು, ರೊಟ್ಟಿ ಬಡಿಯುತ್ತಿದ್ದರು, ಈ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. "ನಮ್ಮಾಕಿಗಿ ಹಾಡಂದ್ರ ತಲಿಶೂಲಿ" ಅಂತ ನೀವು ನಗುತ್ತಿದ್ದಿರಿ. ಒಂದು ಹಾಡಿಗಾದರೂ ಅವರನ್ನು ಕರೆತಂದಿರೇನು? ನಾನೂ ಕೇಳಲಿಲ್ಲ. ರೊಟ್ಟಿ ಮಾತ್ರ ಎರಡು ಜಾಸ್ತಿ ತಿಂದೆ.

ನೀವು ಹೋದ ಸುದ್ದಿ ಬಂದಾಗ ನಾನು ಹೊಲದಲ್ಲಿ ಹತ್ತಿ ಬಿಡಿಸುತ್ತಿದ್ದೆ. ಅಲ್ಲೇ ಕೂತು ಅತ್ತೆ. ಅತ್ತು ಮುಗಿದ ಮೇಲೆ ಸಿಟ್ಟು ಬಂತು. ಒಬ್ಬಳೇ ಯಾರ ಜೊತೆ ಜಗಳಾಡಲಿ? ಹಾಡಿಗೆ ಕರೆಯಲು ಬಂದವರು, "ಎದುರ ಯಾರ ಹಾಡ್ತಾರ್ರಿ?" ಅಂತ ಕೇಳಿ, ನನ್ನ ಮುಖ ನೋಡಿ ಹಾಗೇ ಹೊರಡುತ್ತಿದ್ದರು. ಆಮೇಲೆ ಬರುವುದನ್ನೂ ಬಿಟ್ಟರು. ದಪ್ಪನ್ನು ಗೂಟಕ್ಕೆ ಹಾಕಿದೆ. ನಿಮ್ಮ ಜೊತೆಗೇ ನನ್ನ ಹಾಡೂ ಮಣ್ಣಾಯಿತು ಅಂತಲೇ…

ಹುಬ್ಬಳ್ಳಿಯಿಂದ ಕ್ಯಾಸೆಟ್ ತೆಗೆಯುವ ಮಾಲೀಕರು ಹೇಳಿಕಳಿಸಿದ್ದು ಅಂಥ ಹೊತ್ತಿನಲ್ಲಿ. ನನ್ನ ಹೆಸರಿನ ಮೊದಲ ಕ್ಯಾಸೆಟ್, ಕಾಕಾ. ನನ್ನ ಮೇಳದವರು ಒಗೆದ ಧೋತರ ಉಟ್ಟು ಬಂದಿದ್ದರು, ಅಲ್ಲಿ ನೋಡುವವರು ಯಾರೂ ಇರಲಿಲ್ಲ. ಗಾಜಿನ ಆಚೆ ಒಬ್ಬ ಕೈ ಬೀಸಿದ, ನಾವು ಹಾಡಿದೆವು. ಎರಡನೇ ಬದಿಯಲ್ಲಿ ನಿಮಗೆ ಅಂತ ಕಟ್ಟಿದ್ದ ಸವಾಲು ಹಾಕಿದೆ:

ತಲಿ ಮ್ಯಾಲ ಕುಂತಾಳ ಗಂಗಿ, ಮೈಯಾಗ ಅರ್ಧಾ ಗೌರಿ,
ಶಿವನ ಮೈಯಾಗ ಶಿವಂದ ಅಂತ ಏನ ಉಳದೈತಿ ತೋರಿ?

ಹಾಕಿ, ಕೂತೆ. ಸವಾಲು ಹಾಕಿದ ಮೇಳ ಕೂರಬೇಕು, ಎದುರು ಮೇಳ ಏಳಬೇಕು. ನಮ್ಮ ಮೈಗೆ ಅಷ್ಟೇ ಗೊತ್ತು. ಎಲ್ಲರೂ ಬಾಯಿ ಮುಚ್ಚಿ ಕೂತೆವು. ಟೇಪು ಸುತ್ತುತ್ತಲೇ ಇತ್ತು.

"ಮುಗೀತೇನ್ರಿ?" ಅಂತ ಗಾಜಿನ ಆಚೆಯವನು ಒಳಗೇ ಬಂದ.

"ಇಲ್ಲರಿ. ಈಗ ಅವರ ಪಾಳಿ" ಅಂದೆ. ಅಂದಮೇಲೆ ನೀವಿಲ್ಲ ಅಂತ ನನಗೇ ನೆನಪಾಯಿತು.

ಮಾಲೀಕರು ಸಮಾಧಾನವಾಗಿಯೇ ಹೇಳಿದರು. "ಉತ್ತರಾನೂ ನೀವ ಹಾಡಿಬಿಡ್ರಿ. ಟೇಪ್ ಖಾಲಿ ಬಿಟ್ಟರ ಮಂದಿ ನನ್ನ ಬೈತಾರ."

"ತನ್ನ ಸವಾಲಿಗೆ ತಾನ ಉತ್ತರಾ ಹೇಳಿದರ ಮೇಳ ಸೋತಂಗ್ರಿ. ಖಾಲಿ ಇದ್ದರ ಇರ್ಲಿ" ಅಂದೆ. ಅವರು ತಲೆ ಚಚ್ಚಿಕೊಂಡು ಹಾಗೆಯೇ ಹೊರಗೆ ತಂದರು.

ಕ್ಯಾಸೆಟ್ ಬಂದ ವಾರ ಸಂತೆಗೆ ಹೊರಟ ಟೆಂಪೋದಲ್ಲಿ ನನ್ನ ದನಿ ನನಗೇ ಕೇಳಿಸಿ, ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಹತ್ತಿ ಬಿಡಿಸುವ ಹೆಂಗಸರು ನನ್ನ ಬಾಜೂ ಸಾಲಿನಲ್ಲೇ ನಿಂತು ನನ್ನ ಪದ ಹಾಡಿ, ಗಂಡಂದಿರ ಹೆಸರು ಸೇರಿಸಿ ನಕ್ಕರು. ಹಾಡು ಬಲ್ಲ ಹಿರಿಯರಂತೂ ಸವಾಲು ಮುಗಿದ ಮೇಲೂ ಟೇಪು ಬಂದ್ ಮಾಡದೆ, ಆ ಮೌನದ ಮುಂದೆ ಕೂತೇ ಇರುತ್ತಿದ್ದರಂತೆ. ನಿಮ್ಮನ್ನು ಕಾಯುತ್ತಿದ್ದರು ಅಂತ ಬೇರೆ ಹೇಳಬೇಕೇ? ಆದರೆ ಉಳಿದವರಿಗೆ ಇದೆಲ್ಲ ಏನು ಗೊತ್ತು? ಅಣ್ಣಿಗೇರಿಯ ಕ್ಯಾಸೆಟ್ ಅಂಗಡಿಯವನು ನನ್ನನ್ನು ಕಂಡರೆ ಮುಖ ಗಂಟಿಕ್ಕತೊಡಗಿದ. "ಅರ್ಧಕ್ಕ ಸತ್ತೈತಿ ಅಂತ ಮಂದಿ ವಾಪಸ್ ತಂದ ಒಗ್ಯಾಕತ್ತಾರ್ರಿ." ಮಾಲೀಕರೂ ಖಂಡತುಂಡವಾಗಿ ಹೇಳಿದರು: ಎದುರು ಹಾಡುವವರನ್ನು ಕರೆತಂದರೆ ಎರಡನೇ ಕ್ಯಾಸೆಟ್, ಇಲ್ಲವಾದರೆ ಇದೇ ಮೊದಲು, ಇದೇ ಕೊನೆ. ಎಲ್ಲಿಂದ ತರಲಿ? ಕುಂದಗೋಳದ ತನಕ ಹೋಗಿ ಕೇಳಿಬಂದೆ. ನಿಮ್ಮ ಚಾಲು, ನಿಮ್ಮ ಹಾಡುವ ಧಾಟಿ ಹಿಡಿಯುವ ಗಂಡಸು ಒಬ್ಬನೂ ಸಿಗಲಿಲ್ಲ.

ಒಂದು ಮಧ್ಯಾಹ್ನ ಅದೇ ಅಂಗಡಿಯವನು ಕರೆದು ಕೂರಿಸಿದ. ವಾಪಸ್ ಬಂದ ಒಂದು ಕ್ಯಾಸೆಟ್ಟಿನ ಬೆನ್ನಿನ ಕಿಂಡಿಗೆ ಯಾರೋ ಕಾಗದ ತುರುಕಿದ್ದರು. ಅಂಗಡಿಯ ಕ್ಯಾಸೆಟ್ಟಿನ ಮೇಲೆ ಮನೆಯಲ್ಲಿ ದನಿ ತುಂಬಬೇಕಾದರೆ ಹಾಗೆ ಮಾಡಬೇಕಂತೆ. "ಕೇಳ್ರಿ" ಅಂತ ಹಚ್ಚಿದ. ನನ್ನ ಸವಾಲು ಮುಗಿಯಿತು. ಮೌನ ಬರಬೇಕಿದ್ದ ಜಾಗದಲ್ಲಿ ಒಂದು ಕೆಮ್ಮು. ಆಮೇಲೆ ರೊಟ್ಟಿ ಬಡಿಯುವ ಸದ್ದು, ತಾಳಕ್ಕೆ ತಾಳ. ಆಮೇಲೆ ಹೆಣ್ಣು ದನಿ:

ಇಸಾ ಕುಡದ ಗಂಟಲಾ ಯಾರದ, ಹೇಳ ನನ್ನ ತಂಗಿ,
ಅದರಾಗ ಪಾಲಾ ಕೇಳಾಕ ಬರಲಿಲ್ಲ ಗೌರಿ, ಬರಲಿಲ್ಲ ಗಂಗಿ.

ನಿಮ್ಮದೇ ಚಾಲು, ಕಾಕಾ. ನೀವು ಎಲ್ಲಿ ಉಸಿರು ಹಿಡಿಯುತ್ತಿದ್ದಿರೋ ಅಲ್ಲೇ ಹಿಡಿದದ್ದು. ಅಂಗಡಿಯಲ್ಲಿ ಅಷ್ಟು ಮಂದಿಯ ನಡುವೆ ಅಳುತ್ತ ನಗುತ್ತ ಕೂತೆ. ಯಾರು ಅಂತ ಗೊತ್ತಾಯಿತಲ್ಲ ನಿಮಗೆ?

ನಿಮ್ಮ ಮನೆಯ ಹೊಸ್ತಿಲು ದಾಟಿದವಳೇ ಕೇಳಿದೆ. "ಕಾಕು, ನಿಮಗ ಹಾಡಂದ್ರ ತಲಿಶೂಲಿ ಅಂತಿದ್ರಲ್ಲರಿ ಕಾಕಾ?"

"ಹಾಡಿಗೆಲ್ಲಿ ತಲಿಶೂಲಿಬೇ. ಅವರು ಪ್ರಾಸ ತಪ್ಪಿದಾಗ ಬರ್ತಿತ್ತು" ಅಂದರು.

"ಹಂಗಂತ ಹೆಂಗಸಾಗಿ ಗಂಡಸೂರ ಪರ ಹಾಡೂದೇನ್ರಿ?"

"ಅವರ ಪಾಳಿ ಖಾಲಿ ಇತ್ತಲ್ಲ. ನನಗ ಕೇಳಾಕ ಆಗಲಿಲ್ಲ."

ಗಂಟಲಿನ ಸವಾಲಿಗೆ ನನ್ನಲ್ಲಿ ಉತ್ತರ ಇತ್ತು. ಆ ಗಂಟಲನ್ನು ಹಿಡಿದು ವಿಷ ಒಳಗಿಳಿಯದಂತೆ ತಡೆದವಳು ಗೌರಿ. ಅಲ್ಲೇ ನಿಂತು ಹಾಡಿ ತೋರಿಸಿದೆ. ಕಾಕು ನಕ್ಕರು, ಕೈಗೆ ಹತ್ತಿದ ಹಿಟ್ಟು ಕೊಡವಿದರು, ತಮ್ಮದೇ ಒಂದು ಹಾಕಿದರು. ಅದು ನಿಮ್ಮ ಪದ ಅಲ್ಲ, ನಿಮ್ಮ ಪದ ಎಲ್ಲ ನನಗೆ ಗೊತ್ತು:

ಶಿವಾ ದೊಡ್ಡಾಂವ, ಶಕ್ತಿ ದೊಡ್ಡಾಕಿ, ವಾದಾ ಹತ್ತಿತ್ತ ಕೈಲಾಸದಾಗ,
ಇಬ್ಬರೂ ವಾದಾ ಮಾಡೂತನಕ ದೀಪಾ ಹಚ್ಚಿದವರ್ಯಾರ ಒಳಗ?

ಗಂಡಸರ ಪರ ನಿಂತು ಇಂಥದ್ದು ಕೇಳುವುದು ನ್ಯಾಯವೇ? ನೀವು ಇದ್ದಿದ್ದರೆ ನೀವು ತಾನೇ ಏನು ಹೇಳುತ್ತಿದ್ದಿರಿ? "ಹುಬ್ಬಳ್ಳಿಗೆ ಬರ್ರಿ ಕಾಕು, ಉತ್ತರಾ ಅಲ್ಲೇ ಕೊಡ್ತೀನಿ" ಅಂದೆ. "ಹೋಗೂಣು" ಅಂದರು. ಅಷ್ಟೇ. ಅದನ್ನು ಕೇಳಲಿಕ್ಕೇ ಎಷ್ಟೋ ವರ್ಷದಿಂದ ಕಾಯುತ್ತಿದ್ದವರ ಹಾಗೆ ಅಂದರು.

ಮೊನ್ನೆ ಹೋಗಿದ್ದೆವು. ಕ್ಯಾಸೆಟ್ಟಿನ ಹೊದಿಕೆಗೆ ಹೆಸರು ಕೇಳಿದರು. "ಫಕೀರಪ್ಪನವರ ಮನಿಯವರು ಅಂತ ಬರೀರಿ" ಅಂದೆ, ನನಗೆ ಗೊತ್ತಿದ್ದದ್ದೇ ಅಷ್ಟು. ಕಾಕು ಮೆಲ್ಲಗೆ ನನ್ನ ಮೊಳಕೈ ಹಿಡಿದು, "ನಿಂಗವ್ವ ಅಂತ ಬರೀರಿ" ಅಂದರು. ಹೆಣ್ಣು ದೊಡ್ಡವಳು ಅಂತ ಊರೂರು ಹಾಡಿದವಳು ನಾನು, ಅವರ ಕೈಯ ರೊಟ್ಟಿ ತಿಂದವಳು ನಾನು. ಆ ಹೆಸರು ಅವತ್ತೇ ಮೊದಲು ಕೇಳಿದ್ದು, ಕಾಕಾ.

ಹಾಡು ಶುರುವಾಯಿತು. ಕಾಕು ದೀಪದ ಸವಾಲು ಹಾಕಿ ಕೂತರು. ನನ್ನ ಪಾಳಿ ಬಂತು. ಎದ್ದೆ, ದಪ್ಪು ಬಾರಿಸಿದೆ, "ದೀಪಾ ಹಚ್ಚಿದಾಕಿ ನಿಂಗವ್ವ" ಅಂತ ಹಾಡಿದೆ. ಎಂದೂ ಪ್ರಾಸ ತಪ್ಪದ ಕಾಕು ಮುಂದಿನ ಪದ ಎತ್ತಲು ತುಸು ತಡಮಾಡಿದರು. ಗಾಜಿನ ಆಚೆಯವನು ಟೇಪು ನಿಲ್ಲಿಸಲಿಕ್ಕೆ ಕೈ ಎತ್ತಿದ. ನಾನು ಬೇಡ ಅಂದೆ. ಅವರ ಪಾಳಿ ಅದು, ಅವರು ಎದ್ದರು.